ಎರಡನೇ ಹಾಡಿಗೆ ಕಾದು ನಿಂತವರು

ಮೇ 4, ಸೋಮವಾರ

ಬೆಳಿಗ್ಗೆ ಟ್ರಾಮಿನ ಕಿಟಕಿಯ ಗಾಜಿನ ಮೇಲೆ ಯಾರದೋ ಹಣೆಯ ಗುರುತಿತ್ತು. ತೂಕಡಿಸಿ ಒರಗಿದವರು ಬಿಟ್ಟುಹೋದ ಜಿಡ್ಡು. ಸೇತುವೆ ದಾಟುವಾಗ ಬಿಸಿಲು ನೇರ ಅದರ ಮೇಲೆ ಬಿತ್ತು. ಆಚೆಗಿನ ಕಾರ್ಖಾನೆಯ ಚಿಮಣಿಗಳೆಲ್ಲ ಅಂಚು ಕಳೆದುಕೊಂಡು, ಹಾಲಿನಲ್ಲಿ ನೆನೆದ ಬಿಸ್ಕತ್ತಿನಂತೆ ಮೆತ್ತಗಾದವು. ಹಳೆಯ ಸಿನಿಮಾಗಳಲ್ಲಿ ನಾಯಕಿಯ ಮುಖ ಹೀಗೆಯೇ ಕಾಣಲಿ ಎಂದು ಲೆನ್ಸಿನ ಮುಂದೆ ಗಾಜು ಹಿಡಿದು, ಗಾಜಿಗೆ ವ್ಯಾಸಲೀನು ಸವರುತ್ತಿದ್ದರಂತೆ. ನಮ್ಮ ಟ್ರಾಮಿನಲ್ಲಿ ಅದು ಪುಕ್ಕಟೆ.

ಇದೇ ಗುಂಗಿನಲ್ಲಿ ಕಚೇರಿಗೆ ಹೋದರೆ ರೌನಿ ಬಾಗಿಲಲ್ಲೇ ಹಿಡಿದರು. ಅವರು ಪತ್ರಿಕೆಯ ಸಂಪಾದಕಿ. ಪತ್ರಿಕೆ ಎಂದರೆ ಎರಡು ಕೋಣೆ, ಒಂದು ಕಾಫಿ ಯಂತ್ರ ಮತ್ತು ಸಿನಿಮಾದ ಬಗ್ಗೆ ಅವರಿಗಿರುವ ಅಪಾರ ಸಿಟ್ಟು.

"ಸೈಮಿ, 'ಆಚೆ ದಡದ ದೀಪ' ಹಾಡಿನ ವಿಡಿಯೋ ನೋಡಿದ್ಯಾ?"

"ನೋಡಿದೀನಿ."

"ನೋಡ್ದೇ ಇರೋರು ಯಾರಿದಾರೆ ಹೇಳು. ನನ್ನ ಹಲ್ಲಿನ ಡಾಕ್ಟ್ರು ನನ್ನ ಬಾಯಿ ತೆರೆಸಿಟ್ಟು ಅರ್ಧ ಗಂಟೆ ಅದರ ಬಗ್ಗೆನೇ ಮಾತಾಡಿದ್ರು. ನನಗೆ ಉತ್ತರ ಕೊಡೋಕೂ ಆಗಲಿಲ್ಲ. ಜೂನ್ ಸಂಚಿಕೆಗೆ ಅದೇ ಮುಖ್ಯ ಲೇಖನ. ಹಾಡಿನ ಬಗ್ಗೆ ಬೇಡ, ಎಲ್ರೂ ಬರೆದು ಗುಡ್ಡೆ ಹಾಕಿದಾರೆ. ಕ್ಯಾಮೆರಾ ಬಗ್ಗೆ ಬರಿ. ಆ ಅರವತ್ತರ ದಶಕದ ಕಳೆ ಹೆಂಗೆ ಬಂತು? ಒಂದೊಂದು ಶಾಟೂ ಬಿಚ್ಚಿ ತೋರಿಸು."

ಇಲ್ಲಿರುವುದು ತಾತ್ಕಾಲಿಕ ಕೆಲಸ, ನಡುಬೇಸಿಗೆ ಹಬ್ಬದವರೆಗೆ ಮಾತ್ರ. ಈ ಲೇಖನ ಚೆನ್ನಾಗಿ ಬಂದರೆ ಹಬ್ಬದ ನಂತರವೂ ಈ ಕುರ್ಚಿ ನಿನ್ನದೇ ಎಂದರು. ಆಮೇಲೆ ಎಂದಿನಂತೆ ನಿಯಮ ನೆನಪಿಸಿದರು: ಲೇಖನದಲ್ಲಿ 'ನಾನು' ಬರಕೂಡದು. "ನಮ್ಮಲ್ಲಿ ಬರೆಯೋರು ನೋಡ್ತಾರೆ ಕಣಮ್ಮ, ಕಾಣಿಸ್ಕೊಳ್ಳಲ್ಲ."

ಈ ನಿಯಮ ಪಾಲಿಸುವುದು ಕಷ್ಟವಲ್ಲ. ಹುಟ್ಟಿದಾಗಿನಿಂದ ಪಾಲಿಸಿಕೊಂಡು ಬಂದದ್ದೇ.

ಆ ವಿಡಿಯೋದಲ್ಲಿ ಈ ಮುಖವೂ ಇದೆ ಎಂಬುದನ್ನು ರೌನಿಗೆ ಹೇಳಬಹುದಿತ್ತು. ಅವರು ಕೇಳಲಿಲ್ಲ.


ಮೇ 6, ಬುಧವಾರ

ದಿನವಿಡೀ ವಿಡಿಯೋ ನೋಡಿದ್ದು. ಧ್ವನಿ ಬಂದ್ ಮಾಡಿ, ಒಂದೊಂದೇ ಚೌಕಟ್ಟು ನಿಲ್ಲಿಸಿ.

ಚಿತ್ರ ಅಗಲವಾಗಿಲ್ಲ, ಅಜ್ಜಿಯ ಮನೆಯ ಟಿ.ವಿ.ಯಂತೆ ಹೆಚ್ಚು ಕಡಿಮೆ ಚೌಕ. ಅಕ್ಕಪಕ್ಕ ಜಾಗವಿಲ್ಲದ್ದರಿಂದ ಕುಣಿಯುವ ಜೋಡಿಗಳು ಒಬ್ಬರ ಬೆನ್ನಿಗೊಬ್ಬರು ತಾಗುವಂತಿದ್ದಾರೆ, ಹಾಡು ಒಂಟಿತನದ್ದಾದರೂ ಚೌಕಟ್ಟಿನಲ್ಲಿ ಉಸಿರಾಡಲು ಸ್ಥಳವಿಲ್ಲ. ಕ್ಯಾಮೆರಾ ಯಾರ ಹೆಗಲ ಮೇಲೂ ಇಲ್ಲ, ಟ್ರೈಪಾಡಿನ ಮೇಲೆ, ಎದೆಯ ಎತ್ತರದಲ್ಲಿ. ಹತ್ತಿರ ಹೋಗಬೇಕಾದಾಗ ಅದು ನಡೆಯುವುದಿಲ್ಲ, ಕೂತಲ್ಲೇ ಲೆನ್ಸನ್ನು ಹಿಗ್ಗಿಸುತ್ತದೆ. ನಾಚಿಕೆಯವರು ಸಭೆಯಲ್ಲಿ ಯಾರನ್ನಾದರೂ ನೋಡುವ ರೀತಿ. ಬಣ್ಣವೆಲ್ಲ ಚಹಾದಲ್ಲಿ ಅದ್ದಿ ತೆಗೆದಂತೆ. ಗಾಯಕಿಯ ತುಟಿಯೊಂದು ಮಾತ್ರ ಕೆಂಪು. ತೂಗುಬಿಟ್ಟ ಬಲ್ಬುಗಳ ಸುತ್ತ ಬೆಳಕು ಊದಿಕೊಂಡಿದೆ.

ಇವೆಲ್ಲ ನಿಜವಾದ ಹಳೆಯ ಕ್ಯಾಮೆರಾದಲ್ಲಿ, ನಿಜವಾದ ಫಿಲ್ಮಿನ ಮೇಲೆ ತೆಗೆದದ್ದು. ಆದರೆ ಸಾಕಷ್ಟು ಹಳೆಯದಾಗಿ ಕಾಣಲಿಲ್ಲವೆಂದು ಎಡಿಟಿಂಗ್ ಕೋಣೆಯಲ್ಲಿ ಕಂಪ್ಯೂಟರಿನಿಂದ ಗೀರುಗಳನ್ನು ಎಳೆದರು. ಆ ಕಾಲದವರು ಇದನ್ನು ನೋಡಿದ್ದರೆ ರೀಲನ್ನು ಇಷ್ಟು ಒರಟಾಗಿ ಇಟ್ಟುಕೊಂಡವರು ಯಾರೆಂದು ಬೈಯುತ್ತಿದ್ದರು. ಉಡುಪಿನದೂ ಇದೇ ಕಥೆ. ಮನೆಯ ಜೊತೆಗಾತಿ ಇಂಕೆರಿಯ ಚಿಕ್ಕಮ್ಮ ಹೆಲ್ವಿ, ತಾವು ಹರೆಯದಲ್ಲಿ ಹಾಕುತ್ತಿದ್ದ ಗುಲಾಬಿ ಫ್ರಾಕನ್ನು ಪೆಟ್ಟಿಗೆಯಿಂದ ತೆಗೆದು ಇಸ್ತ್ರಿ ಮಾಡಿ ತೊಟ್ಟು ಚಿತ್ರೀಕರಣಕ್ಕೆ ಬಂದಿದ್ದರು. ಉಡುಪು ನೋಡಿಕೊಳ್ಳುತ್ತಿದ್ದ ಹುಡುಗಿ, "ಆಗಿನ ಕಾಲದಲ್ಲಿ ಇಂಥ ಗುಲಾಬಿ ಬಣ್ಣ ಇರ್ಲಿಲ್ಲ ಆಂಟಿ" ಎಂದು ಅವರಿಗೆ ಕಂದು ಬಣ್ಣದ್ದೊಂದು ಹೊಸ ಫ್ರಾಕು ಕೊಟ್ಟಳು.

ಕುಣಿತದ ನೆಲದ ಬದಿಗೆ, ಮಹಿಳೆಯರು ಕೂರುವ ಬೆಂಚಿನ ಎಡತುದಿಯಲ್ಲಿ ಬೂದು ಬಟ್ಟೆಯ ಹೆಣ್ಣೊಬ್ಬಳಿದ್ದಾಳೆ. ಮುಖಕ್ಕೆ ಫೋಕಸ್ ಇಲ್ಲ. ಸಂಯೋಜನೆಯ ದೃಷ್ಟಿಯಿಂದ ಅವಳದು ಕಂಬದ ಕೆಲಸ. ನೋಡುವವರ ಕಣ್ಣು ಚೌಕಟ್ಟಿನಾಚೆ ಜಾರದಂತೆ ತಡೆಯುತ್ತಾಳೆ.

ಈ ವಾಕ್ಯವನ್ನು ಸಂಜೆ ಇಂಕೆರಿಗೆ ಓದಿ ಹೇಳಿದ್ದು ತಪ್ಪಾಯಿತು. ಒಂದೇ ಮನೆಯಲ್ಲಿ ಬಾಡಿಗೆಗಿರುವವಳು, ಆಂಬ್ಯುಲೆನ್ಸಿನಲ್ಲಿ ಕೆಲಸ, ಯಾರ ಮೇಲೂ ಮಮಕಾರವಿಲ್ಲ.

"ಕಂಬ ಅಂತೆ! ನನ್ನ ಬದಲಿಗೆ ಹೋಗಿ ಕುಣಿದು ಬಾ ಅಂತ ಕಳಿಸಿದ್ರೆ ಕಂಬ ಆಗಿ ಬಂದಿದೀಯಲ್ಲೇ ಮಾರಾಯ್ತಿ!"

ಕಳೆದ ಆಗಸ್ಟಿನಲ್ಲಿ ಚಿತ್ರೀಕರಣದ ದಿನ ಅವಳಿಗೆ ಡ್ಯೂಟಿ ಬಿದ್ದದ್ದರಿಂದ ಆ ಬೂದು ಬಟ್ಟೆ ಈ ಮೈಮೇಲೆ ಬಂತು ಎಂಬುದನ್ನು ಅವಳು ಆಗಾಗ ನೆನಪಿಸುತ್ತಾಳೆ.


ಮೇ 8, ಶುಕ್ರವಾರ

ಇನ್ನು ಆ ಶಾಟ್.

ವಿಡಿಯೋದ ಬಗ್ಗೆ ಮಾತಾಡುವವರೆಲ್ಲ ಮಾತಾಡುವುದು ಅದೊಂದರ ಬಗ್ಗೆ. ಸಂಗೀತ ನಿಲ್ಲುತ್ತದೆ. ಜೋಡಿಗಳು ನಿಂತಲ್ಲೇ ನಿಲ್ಲುತ್ತಾರೆ. ಯಾರೂ ಕೈ ಬಿಡುವುದಿಲ್ಲ, ಯಾರೂ ಜೊತೆಗಾರರ ಮುಖ ನೋಡುವುದಿಲ್ಲ. ಒಬ್ಬರು ಚಾವಣಿ ನೋಡುತ್ತಾರೆ, ಇನ್ನೊಬ್ಬರು ನೀರಿನ ಕಡೆ. ಕ್ಯಾಮೆರಾ ಕದಲುವುದಿಲ್ಲ. ಇಷ್ಟು ಹೊತ್ತು ಯಾವ ಸಂಗೀತ ವಿಡಿಯೋದಲ್ಲೂ ಯಾರೂ ಸುಮ್ಮನೆ ನಿಂತದ್ದಿಲ್ಲ. ಸತ್ತವರ ಕುಣಿತ ಎಂದು ಒಬ್ಬರು ಬರೆದಿದ್ದಾರೆ. ಯುದ್ಧದ ನೆನಪು ಎಂದು ಇನ್ನೊಬ್ಬರು. ಇಡೀ ದೇಶದ ಮೌನ ಎಂದು ರಾಜಧಾನಿ ಹೆಲ್ಸಿಂಕಿಯ ದೊಡ್ಡ ಪತ್ರಿಕೆಯೊಂದು.

ನಡೆದದ್ದು ಇಷ್ಟು. ಸರೋವರದ ದಂಡೆಯ ಆ ಕುಣಿತದ ಚಾವಡಿಗೆ ನಿರ್ದೇಶಕ ಕೊನ್‌ಸ್ತಾ ನಟರನ್ನು ತರಲಿಲ್ಲ. ಅಲ್ಲಿಗೆ ಶನಿವಾರ ಶನಿವಾರ ಬರುವ ನಿಜವಾದ ಕುಣಿತದವರನ್ನೇ ಕರೆದ. ಅವರಿಗೆ ಒಂದು ಪದ್ಧತಿಯಿದೆ. ಒಮ್ಮೆ ಕುಣಿಯಲು ಕರೆದರೆ ಎರಡು ಹಾಡು ಕುಣಿಯಬೇಕು. ಎರಡು ಮುಗಿದ ಮೇಲೆ ಗಂಡಸು ಹೆಂಗಸನ್ನು ಅವಳಿದ್ದ ಜಾಗಕ್ಕೆ ಬಿಟ್ಟು ಬರಬೇಕು. ಒಂದೇ ಹಾಡಿಗೆ ಕೈ ಬಿಟ್ಟರೆ, ನೀನು ಸರಿಯಿಲ್ಲ ಎಂದು ಊರ ಮುಂದೆ ಹೇಳಿದಂತೆ. ಕೊನ್‌ಸ್ತಾ ಹೆಲ್ಸಿಂಕಿಯವ, ಈ ಪದ್ಧತಿ ಗೊತ್ತಿರಲಿಲ್ಲ. ಹಾಡು ಮುಗಿದ ಕೂಡಲೇ ನೆಲವೆಲ್ಲ ಖಾಲಿಯಾಗಿ ಗಾಯಕಿ ಒಬ್ಬಳೇ ಉಳಿಯಬೇಕೆಂದು ಅವನ ಯೋಜನೆ. ಹಾಡು ಮುಗಿಯಿತು. ಯಾರೂ ಕದಲಲಿಲ್ಲ.

"ಕಟ್! ಸಾಕು, ಎಲ್ಲರೂ ಆಚೆ ಹೋಗಿ!" ಎಂದ.

ಜನ ಸಭ್ಯವಾಗಿ ಚಾವಣಿ ನೋಡಿದರು.

"ಏನಾಗಿದೆ ನಿಮಗೆಲ್ಲ? ಹೋಗಿ ಅಂದ್ನಲ್ಲ!"

ಕೌಕೊ ಎಂಬ ಬಸ್ ಡ್ರೈವರ್ ಒಬ್ಬರು, "ಹೆಂಗಪ್ಪ ಹೋಗೋದು, ಒಂದೇ ಹಾಡು ಆಗಿರೋದು. ಈಯಮ್ಮ ಏನು ತಪ್ಪು ಮಾಡಿದ್ಲು?" ಎಂದರು. ಜೊತೆಗಿದ್ದ ಹೆಂಗಸು ಅವರ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಛಾಯಾಗ್ರಾಹಕ ತಾನೆಲಿ ಮಾತ್ರ ಕಟ್ ಎಂದರೂ ಕ್ಯಾಮೆರಾ ನಿಲ್ಲಿಸಿರಲಿಲ್ಲ. ಬೆಂಚಿನ ಎಡತುದಿಯಿಂದ ಅವನು ಚೆನ್ನಾಗಿ ಕಾಣುತ್ತಿದ್ದ. ಒಂದು ಕಣ್ಣು ಮುಚ್ಚಿ, ಒಂದು ಪಾದದಿಂದ ಇನ್ನೊಂದು ಕಾಲಿನ ಮೀನಖಂಡದ ಸೊಳ್ಳೆ ಕಡಿತ ಕೆರೆದುಕೊಳ್ಳುತ್ತ, ಬೆರಳನ್ನು ಗುಂಡಿಯಿಂದ ತೆಗೆಯದೆ ನಿಂತಿದ್ದ. ರೀಲು ಮುಗಿದ ಸದ್ದು ಕೇಳಿ ಕೊನ್‌ಸ್ತಾ ತಿರುಗಿದ.

"ನಿಮ್ಮಪ್ಪನ ಮನೆ ರೀಲಾ ಅದು?"

ತಾನೆಲಿ ತಲೆ ತಗ್ಗಿಸಿ ಕ್ಷಮೆ ಕೇಳಿದ. ದೇಶದ ಮೌನ ಹೀಗೆ ಚಿತ್ರೀಕರಣವಾಯಿತು.


ಮೇ 11, ಸೋಮವಾರ

ಲೇಖನದ ಮೊದಲ ಕರಡು ಮುಗಿಯಿತು. ಆ ಶಾಟ್ ಬಗ್ಗೆ ಬರೆದ ವಾಕ್ಯ: "ಇಲ್ಲಿ ಕಾಲವು ಕುಣಿಯುವುದನ್ನು ನಿಲ್ಲಿಸಿ, ತಾನು ಕುಣಿಸಿದವರನ್ನು ತಿರುಗಿ ನೋಡುತ್ತದೆ." ಇದರ ಅರ್ಥವೇನೆಂದು ಯೋಚಿಸಲು ಕೂತರೆ ಗೊಂದಲವಾಗುತ್ತದೆ. ಓದಲು ಹಿತವಾಗಿದೆ.

ರೌನಿ ಗಟ್ಟಿಯಾಗಿ ಓದಿದರು. ಮತ್ತೊಮ್ಮೆ ಓದಿದರು. ಕನ್ನಡಕ ತೆಗೆದರು.

"ಇದು ನೀನೇ ಬರೆದದ್ದಾ?"

"ಹೌದು."

"ಬಾಯಿ ಬಿಡಲ್ಲ, ಬರೆಯೋಕೆ ಕೂತ್ರೆ ಬಿಡ್ತೀಯ! ನಿರ್ದೇಶಕ ಇದನ್ನ ಹೆಂಗೆ ಯೋಚಿಸಿ ಇಟ್ಟ ಅನ್ನೋದನ್ನ ಇನ್ನೊಂಚೂರು ಬೆಳೆಸು."

ಬೆಳೆಸಿ ಆಯಿತು. ಸಾಹಿತ್ಯ ಓದುವಾಗ ಕಲಿಸಿದ್ದೇ ಇದು: ಬರೆದವನ ಉದ್ದೇಶ ಮುಖ್ಯವಲ್ಲ, ಪಠ್ಯದಲ್ಲಿ ಏನಿದೆಯೋ ಅದು. ಉದ್ದೇಶವೇ ಇಲ್ಲದ ಕಡೆ ಉದ್ದೇಶ ಬರೆದರೆ ತಪ್ಪೇನಿಲ್ಲ ಎಂದೂ ಆಗುತ್ತದೆ, ಸ್ವಲ್ಪ ಎಳೆದರೆ.


ಮೇ 14, ಗುರುವಾರ

ರಜೆ. ಇಂಕೆರಿ ದೋಸೆಯಂಥ ತೆಳು ಪ್ಯಾನ್‌ಕೇಕು ಹುಯ್ಯುತ್ತಿದ್ದಳು, ರೇಡಿಯೋದಲ್ಲಿ ಕೊನ್‌ಸ್ತಾ.

"ನಾನು ಜೋಡಿಗಳಿಗೆ ಒಂದೇ ಮಾತು ಹೇಳಿದೆ: ಕದಲಬೇಡಿ. ಸುಮ್ಮನೆ ಇರಿ. ಜನ ಮೌನಕ್ಕೆ ಹೆದರ್ತಾರೆ. ನಾನು ಹೆದರಲಿಲ್ಲ."

ಇಂಕೆರಿ ಸೌಟು ಹಿಡಿದು ಕುಣಿದಳು. "ಕೇಳಿದ್ಯಾ? ಕದಲಬೇಡಿ ಅಂದ್ನಂತೆ! ಅವತ್ತು ಚಿಕ್ಕಮ್ಮ ಮನೆಗೆ ಬಂದು ಏನಂದ್ರು ಗೊತ್ತಾ? 'ಆ ಹುಡುಗ ಅರಚಿ ಅರಚಿ ಗಂಟಲು ಹರ್ಕೊಂಡ, ಪಾಪ, ಜೇನುತುಪ್ಪ ಕೊಟ್ಟು ಬಂದೆ' ಅಂದ್ರು!"

"ಇರಬಹುದು. ಜನ ನೆನಪು ತಿದ್ಕೋತಾರೆ."

"ನೀನು ಅವನ ಪರ ಯಾವಾಗಿಂದ?"

ಪರ ಅಲ್ಲ. ನನ್ನ ಕರಡಿನಲ್ಲೂ ಅದೇ ಇರುವುದರಿಂದ ಸ್ವಲ್ಪ ತಾಳ್ಮೆ.


ಮೇ 16, ಶನಿವಾರ

ಚಾವಡಿಯ ಕುಣಿತ ಶುರುವಾಗಿದೆ. ಕ್ಯಾಮೆರಾ ಇಟ್ಟ ಎತ್ತರ ಖಚಿತಪಡಿಸಿಕೊಳ್ಳಲು ಹೋಗಿದ್ದು. ಹೆಲ್ವಿ ಚಿಕ್ಕಮ್ಮನ ಕಾರಿನಲ್ಲಿ. ಅವರು ಆ ಗುಲಾಬಿ ಫ್ರಾಕು ತೊಟ್ಟಿದ್ದರು.

"ಮಗೂ, ಬಾಗಿಲ ಹತ್ರ ನಿಂತ್ರೆ ಯಾರೂ ಕರೆಯಲ್ಲ. ಟೀ ಅಂಗಡೀಗೆ ಹೋಗೋಳು ಅನ್ಕೋತಾರೆ. ಇಲ್ಲಿ ಬಾ, ಬೆಳಕಲ್ಲಿ ನಿಲ್ಲು."

"ಕುಣಿಯೋಕಲ್ಲ, ಅಳತೆ ನೋಡೋಕೆ ಬಂದಿದ್ದು."

"ಆಯ್ತು, ಅಳತೆ ಬೆಳಕಲ್ಲೇ ಚೆನ್ನಾಗಿ ಕಾಣುತ್ತೆ."

ಗಂಡಸರು ಕರೆಯುವ ಸರದಿ. ಬಂದದ್ದು ಕೌಕೊ, ಬಸ್ ಡ್ರೈವರ್. ತಲೆ ಬಾಗಿಸಿ ಕೈ ಚಾಚಿದರು. ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಕುಣಿಯುವವರ ನಡುವೆ ಇದ್ದೆ. ಅವರು ಬಸ್ಸು ತಿರುಗಿಸುವವರಂತೆ ನಿಧಾನವಾಗಿ, ಹಿಂದೆ ಮುಂದೆ ನೋಡಿಕೊಂಡು ತಿರುಗಿಸಿದರು.

ಮೊದಲ ಹಾಡು ಮುಗಿಯಿತು. ಎಲ್ಲರೂ ನಿಂತರು. ಆ ಶಾಟಿನ ಒಳಗೆ ನಿಂತಿದ್ದೇನೆಂದು ಆಗ ಹೊಳೆಯಿತು.

ಆ ಹೊತ್ತಿನಲ್ಲಿ ಏನಾಗುತ್ತದೆ ಎಂದು ಇಲ್ಲಿ ಬರೆದಿಡಬೇಕು, ಲೇಖನಕ್ಕೆ ಬೇಕಾಗಬಹುದು. ಕೈ ಬಿಡಲಾಗುವುದಿಲ್ಲ, ಬಿಟ್ಟರೆ ಅವಮಾನ. ಗಟ್ಟಿ ಹಿಡಿಯಲೂ ಆಗುವುದಿಲ್ಲ, ಹಿಡಿದರೆ ಅದಕ್ಕೊಂದು ಅರ್ಥ. ಮುಖ ನೋಡಿದರೆ ಮಾತಾಡಬೇಕಾಗುತ್ತದೆ, ಅದಕ್ಕೇ ಚಾವಣಿ. ಅಂಗೈ ಬೆವರುತ್ತದೆ, ಅದು ಯಾರ ಬೆವರು ಎಂದು ಇಬ್ಬರಿಗೂ ಗೊತ್ತಾಗುವುದಿಲ್ಲ. ಅಕಾರ್ಡಿಯನ್ ನುಡಿಸುವವನು ಮೂಗು ಒರೆಸಿಕೊಂಡು ಹಾಳೆ ತಿರುಗಿಸುತ್ತಾನೆ. ಯಾರೋ ಕೆಮ್ಮುತ್ತಾರೆ. ಕೌಕೊ, "ಸಂಜೆ ಹೊತ್ತು ತಂಪಾಗಿದೆ" ಎಂದರು. "ಹೌದು, ತಂಪಾಗಿದೆ" ಎಂದೆ. ಇಷ್ಟರಲ್ಲಿ ಸಾವು, ಯುದ್ಧ, ದೇಶ, ಯಾವುದೂ ಬರಲಿಲ್ಲ. ಇನ್ನೊಂದು ಹಾಡಿದೆ ಎಂಬುದೊಂದೇ ಇತ್ತು. ಯಾರನ್ನೂ ಮೆಚ್ಚಿಸದೆ, ಯಾರಿಗೂ ಬೇಡವಾಗದೆ ಹಾಗೆ ನಿಂತಿರಬಹುದೆಂದು ಗೊತ್ತಿರಲಿಲ್ಲ.

ಎರಡನೇ ಹಾಡು ಮುಗಿದ ಮೇಲೆ ಹೆಲ್ವಿಯವರ ಪಕ್ಕಕ್ಕೆ ಬಿಟ್ಟು ಹೋದರು.

ಸಂಶೋಧನೆಯ ದೃಷ್ಟಿಯಿಂದ ಉಪಯುಕ್ತ ಸಂಜೆ. ಕ್ಯಾಮೆರಾದ ಎತ್ತರ ಅಳೆಯಲು ಮರೆತೆ.


ಮೇ 17, ಭಾನುವಾರ

ಕಾಲು ನೋವು.


ಮೇ 21, ಗುರುವಾರ

ತಾನೆಲಿಗೆ ಫೋನ್ ಮಾಡಿದೆ. ಯಾವ ಲೆನ್ಸ್ ಎಂದು ಕೇಳಲು. ಮಾತುಗಳನ್ನು ಮೊದಲು ಕಾಗದದಲ್ಲಿ ಬರೆದುಕೊಂಡಿದ್ದೆ, ಆಮೇಲೆ ಆ ಕಾಗದ ಎಲ್ಲಿ ಹೋಯಿತೋ ನೋಡಲಿಲ್ಲ. ಮಧ್ಯಾಹ್ನ ಸಂತೆ ಮೈದಾನಕ್ಕೆ ಬನ್ನಿ ಎಂದ. ಅಲ್ಲಿ ಮರದ ಮೇಜಿನ ಬಳಿ ಕಾಗದದ ತಟ್ಟೆಯಲ್ಲಿ ಕಪ್ಪು ಸಾಸೇಜು, ಕೆಂಪು ಕಾಡುಹಣ್ಣಿನ ಜಾಮು, ಹಾಲು ಇಟ್ಟುಕೊಂಡು ಕೂತಿದ್ದ.

"ನೀವು ಬೆಂಚಿನ ಎಡತುದೀಲಿ ಕೂತಿದ್ರಿ" ಎಂದ, ಹೆಸರು ಹೇಳುವ ಮೊದಲೇ.

"ಗುರುತಿದೆಯಾ?"

"ಇಲ್ದೆ ಏನು? ಸೊಳ್ಳೆ ಮುಖದ ಮೇಲೆ ಕೂತ್ರೂ ಅಲ್ಲಾಡ್ಲಿಲ್ಲ ನೀವು. ಪ್ರತೀ ಶಾಟಿಗೂ ಫೋಕಸ್ ಅಳತೆಯನ್ನ ನಿಮ್ಮಿಂದಲೇ ಶುರು ಮಾಡ್ತಿದ್ದೆ."

"ನನ್ನ ಮುಖಕ್ಕೆ ಫೋಕಸ್ಸೇ ಇಲ್ಲ ಅಲ್ಲಿ."

"ಅದೇ. ನಿಮ್ಮಿಂದ ಅಳೆದು, ಅಲ್ಲಿಂದ ಆಚೆಗೆ ಇಡ್ತಿದ್ದೆ." ತಾನು ಹೇಳಿದ್ದು ಕಿವಿಗೆ ಬಿದ್ದು ಅವನಿಗೇ ನಗು ಬಂತು. ನನಗೂ.

ಆ ಶಾಟಿನ ಮಾತು ತೆಗೆದೆ. ಅವನು ಸಾಸೇಜು ಕತ್ತರಿಸುವುದನ್ನು ನಿಲ್ಲಿಸಿದ.

"ಯಾಕೆ ನಿಲ್ಲಿಸ್ಲಿಲ್ಲ ನೀವು?"

"ಸಂಗೀತ ನಿಂತ ತಕ್ಷಣ ಜನರ ಮುಖ ಬದಲಾಗುತ್ತೆ. ಇವರದು ಬದಲಾಗ್ಲಿಲ್ಲ. ಇನ್ನೂ ಮುಗಿದಿಲ್ಲ ಅನ್ನೋ ಮುಖ. ಅಂಥದ್ದನ್ನ ಹೇಳಿ ಮಾಡ್ಸೋಕಾಗಲ್ಲ. ಅವ್ರೇ ನಿಲ್ಲಿಸಿಲ್ಲ, ನಾನ್ಯಾಕೆ ನಿಲ್ಲಿಸ್ಲಿ ಅನ್ನಿಸ್ತು."

"ಕ್ಯಾಮೆರಾ ಹಳೇದಲ್ವಾ, ನಿಮ್ಮ ಬೆರಳು ನೋಡದೇ ಇದ್ದವರು ತಾನಾಗೇ ಓಡ್ತು ಅನ್ಕೋಬಹುದು."

"ಅಯ್ಯೋ, ಅದು ನನಗಿಂತ ವಿಧೇಯ. ಬೆರಳು ತೆಗೆದ್ರೆ ಆ ಕ್ಷಣ ನಿಲ್ಲುತ್ತೆ."

"ಇದನ್ನೇ ಬರೀಬೇಕು. ಈ ಶಾಟ್ ನಿಮ್ದು."

ಅವನು ಸುತ್ತ ನೋಡಿ, ಸಾಸೇಜಿನಂಗಡಿಯ ಹೆಂಗಸು ಕೇಳಿಸಿಕೊಂಡಳೇನೋ ಎಂಬಂತೆ ದನಿ ತಗ್ಗಿಸಿದ. "ದಯವಿಟ್ಟು ಬರೀಬೇಡಿ. ಸೆಪ್ಟೆಂಬರ್‌ನಲ್ಲಿ ಕೊನ್‌ಸ್ತಾನ ಸಿನಿಮಾ ಶುರು. ನನ್ನನ್ನ ಕರೆದಿದಾನೆ. ಮೊದಲ್ನೇ ಸಲ ದೊಡ್ಡ ಪರದೆ ನಂಗೆ. ಕೆಟ್ಟ ಶಾಟ್ ತೆಗೆದ್ರೆ ಈ ಊರಲ್ಲಿ ಕ್ಷಮಿಸ್ತಾರೆ. ಕಟ್ ಅಂದ್ರೂ ನಿಲ್ಲಿಸದ ಕ್ಯಾಮೆರಾದೋನನ್ನ ಇನ್ನೊಬ್ರು ಕರೀತಾರಾ? ನೀವು ಹೊಗಳಿ ನನ್ನ ಹೊಟ್ಟೆ ಮೇಲೆ ಹೊಡೀತೀರಿ."

"ಅವನು ರೇಡಿಯೋದಲ್ಲಿ ಆ ಶಾಟ್ ತನ್ನದೇ ಅಂದ."

"ಅನ್ಲಿ ಬಿಡು." ಇಲ್ಲಿಂದ ಅವನು ನೀನು ಎಂದ, ಗಮನಿಸಿದಂತಿರಲಿಲ್ಲ. "ಎಡಿಟಿಂಗ್ ಮಾಡುವಾಗ ಇದನ್ನ ನೋಡಿ ಒಂದು ದಿನ ಪೂರ್ತಿ ಮಾತಾಡ್ಲಿಲ್ಲವಂತೆ. ಎಸೆಯೋಣ ಅಂದವರ ಮಾತು ಕೇಳದೆ ಇಟ್ಕೊಂಡ. ಅದೂ ಒಂದು ಕೆಲಸಾನೇ."

ಆಮೇಲೆ ಲೆನ್ಸಿನ ವಿವರ ಹೇಳಿದ. ಗಾಯಕಿಯ ಮುಖ ಮೆತ್ತಗಾಗಲು ಗಾಜಿಗೆ ಸವರಿದ್ದು ಸೊಳ್ಳೆ ಓಡಿಸುವ ಮುಲಾಮಂತೆ, ವ್ಯಾಸಲೀನು ಮನೆಯಲ್ಲಿ ಮರೆತು ಬಂದಿದ್ದನಂತೆ. ಇದನ್ನು ಬರೆಯಬಹುದು ಎಂದ.


ಮೇ 26, ಮಂಗಳವಾರ

ರೌನಿ ಕರಡನ್ನು ಕೊನ್‌ಸ್ತಾನಿಗೆ ಕಳಿಸಿದ್ದರಂತೆ, ಸುಮ್ಮನೆ ಸೌಜನ್ಯಕ್ಕೆ. ಇಂದು ಬೆಳಗಿನ ಟಿ.ವಿ.ಯಲ್ಲಿ ಅವನು ಹೇಳಿದ: "ಆ ಶಾಟ್ ತೆಗೆಯುವಾಗ ನನ್ನ ಮನಸ್ಸಲ್ಲಿ ಇದ್ದದ್ದು ಒಂದೇ. ಕಾಲ ಕುಣಿಯೋದನ್ನ ನಿಲ್ಲಿಸಿ ತಾನು ಕುಣಿಸಿದವರನ್ನ ತಿರುಗಿ ನೋಡುತ್ತೆ."

ಪಾಪ, ಅವನು ಸುಳ್ಳು ಹೇಳುತ್ತಿದ್ದಾನೆ ಅನ್ನಿಸಲಿಲ್ಲ. ಈಗ ನಿಜವಾಗಿಯೂ ಅವನ ಮನಸ್ಸಿನಲ್ಲಿ ಅದೇ ಇದೆ. ಹಾಕಿದವಳು ನಾನು.

ರೌನಿಗೆ ಖುಷಿಯೋ ಖುಷಿ. "ನೋಡಿದ್ಯಾ, ನಿನ್ನ ವ್ಯಾಖ್ಯಾನಕ್ಕೆ ನಿರ್ದೇಶಕನ ಮುದ್ರೆ ಬಿತ್ತು! ಕೆಲಸದ ಪತ್ರ ರೆಡಿ ಮಾಡಿಸ್ತೀನಿ, ಸಂಚಿಕೆ ಬಂದ ದಿನ ಸಹಿ ಹಾಕು."

ಥ್ಯಾಂಕ್ಸ್ ಎಂದೆ. 


ಮೇ 30, ಶನಿವಾರ

ಚಾವಡಿ. ಈ ಸಲ ಹೆಂಗಸರು ಕರೆಯುವ ಸರದಿಯನ್ನು ಸರಿಯಾಗಿ ಗಮನಿಸಬೇಕಿತ್ತು. ದೂರದಿಂದ ಗಮನಿಸಿದರೆ ಸಾಲದು ಅನ್ನಿಸಿ ನೆಲ ದಾಟಿ ಹೋಗಿ ಒಬ್ಬರನ್ನು ಕರೆದೆ. ಆಮೇಲೆ ಇನ್ನೊಬ್ಬರನ್ನು. ಒಬ್ಬ ಹುಡುಗ ಮೊದಲ ಹಾಡು ಮುಗಿದ ಕೂಡಲೇ ಹೊರಡಲು ನೋಡಿದ, ಹೊಸಬ. ತೋಳು ಹಿಡಿದು ನಿಲ್ಲಿಸಿದೆ.

"ಇನ್ನೊಂದು ಹಾಡಿದೆ" ಎಂದೆ.

"ಓ... ಗೊತ್ತಿರ್ಲಿಲ್ಲ."

"ಚಾವಣಿ ನೋಡು, ಸರಿಹೋಗುತ್ತೆ."

ಹೆಲ್ವಿಯವರು ಕಾರಿನಲ್ಲಿ ಯಾಕೋ ಇಡೀ ದಾರಿ ನಗುತ್ತಿದ್ದರು. ಕೇಳಿದರೆ, "ಅಳತೆ ಸರಿಯಾಗಿ ಸಿಕ್ತಾ ಮಗೂ?" ಎಂದರು.


ಜೂನ್ 2, ಮಂಗಳವಾರ

ರೌನಿಯ ಕೋಣೆಗೆ ಹೋಗಿ ಬಾಗಿಲು ಹಾಕಿದೆ.

"ಆ ಶಾಟ್ ಹಾಗಲ್ಲ. ಅದನ್ನ ಯಾರೂ ಯೋಜಿಸಿರಲಿಲ್ಲ. ಆ ಜನ ಎರಡನೇ ಹಾಡಿಗೆ ಕಾಯ್ತಿದ್ರು, ಅಷ್ಟೇ."

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ನಾನು ಅಲ್ಲಿದ್ದೆ."

ಅವರ ಪರದೆಯಲ್ಲಿ ವಿಡಿಯೋ ನಿಲ್ಲಿಸಿ ಎಡತುದಿ ತೋರಿಸಿದೆ. ರೌನಿ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದರು, ನನ್ನನ್ನು ನೋಡಿದರು.

"ಇದು ನೀನಾ? ಇದನ್ನ ನಾನು ಕುರ್ಚಿ ಮೇಲೆ ಹಾಕಿದ್ದ ಕೋಟು ಅನ್ಕೊಂಡಿದ್ದೆ!"

ನಡೆದದ್ದೆಲ್ಲ ಹೇಳಿದೆ, ಹೆಸರು ಬಿಟ್ಟು. ಬೈಯುತ್ತಾರೆಂದುಕೊಂಡಿದ್ದೆ. ಅವರ ಕಣ್ಣು ಹೊಳೆಯತೊಡಗಿತು.

"ಕಟ್ ಅಂದ ಮೇಲೂ ಕ್ಯಾಮೆರಾ ಓಡ್ತಿತ್ತಾ? ಯಾರು ಓಡಿಸಿದ್ದು? ಆ ಕ್ಯಾಮೆರಾದ ಹುಡುಗ? ಅಯ್ಯೋ ಸೈಮಿ, ಇದನ್ನ ಮೊದಲೇ ಹೇಳ್ಬಾರ್ದಾ? 'ಕದ್ದ ಮೌನ.' ಇದೇ ಶೀರ್ಷಿಕೆ. ನಿರ್ದೇಶಕ ಕಳ್ಳ, ಕ್ಯಾಮೆರಾದೋನು ಕಲಾವಿದ. ಹೆಸರು ಹಾಕು, ಫೋಟೋ ಹಾಕೋಣ. ಇಡೀ ದೇಶ ಓದುತ್ತೆ."

"ಹಾಗೆ ಬರೆದ್ರೆ ಅವನ ಕೆಲಸ ಹೋಗುತ್ತೆ."

"ಕಲಾವಿದರಿಗೆ ಕಷ್ಟ ಇದ್ದದ್ದೇ."

"ಅವನಿಗೆ ಬೇಡವಂತೆ."

"ಹಂಗಾದ್ರೆ ಹಳೇ ಕರಡೇ ಇರ್ಲಿ, ಅದೂ ಚೆನ್ನಾಗೇ ಇದೆ. ನೋಡು ಕಣಮ್ಮ, ಎರಡರಲ್ಲಿ ಒಂದು. ಒಂದೋ ಕೊನ್‌ಸ್ತಾ ಮಹಾನುಭಾವ, ಇಲ್ಲಾ ಕೊನ್‌ಸ್ತಾ ಮಹಾಕಳ್ಳ. ಬಸ್ ಡ್ರೈವರ್ ಒಬ್ಬ ಎರಡನೇ ಹಾಡಿಗೆ ಕಾಯ್ತಿದ್ದ ಅನ್ನೋದನ್ನ ಯಾರು ಓದ್ತಾರೆ?"

"ನಾನು ಓದ್ತೀನಿ."

"ನಿನ್ನೊಬ್ಬಳಿಗೋಸ್ಕರ ಪತ್ರಿಕೆ ನಡೆಸೋಕಾಗುತ್ತಾ?"

"ಇಲ್ಲ. ಆದ್ರೆ ಮೌನ ಅಂದ್ರೇನು ಅಂತ ಗೊತ್ತಿಲ್ದೇ ಇರೋರು ಮೌನದ ಬಗ್ಗೆ ಬರೆದದ್ದನ್ನೂ ನೀವು ಇಷ್ಟು ವರ್ಷ ಹಾಕಿದೀರಲ್ಲ."

ಇದನ್ನು ಸಾಕಷ್ಟು ಗಟ್ಟಿಯಾಗಿ ಹೇಳಿದೆನೆಂದು ಕಾಣುತ್ತದೆ. ಆಚೆ ಕೋಣೆಯಲ್ಲಿ ಕಾಫಿ ಹಾಕಿಕೊಳ್ಳುತ್ತಿದ್ದವರು ಕಪ್ಪು ಕೆಳಗಿಟ್ಟ ಸದ್ದು ಕೇಳಿಸಿತು. ರೌನಿ ಕನ್ನಡಕ ಹಾಕಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು, ಯಾರೋ ಹೊಸಬರು ಬಂದಿದ್ದಾರೆಂಬಂತೆ.

"ಶುಕ್ರವಾರ" ಎಂದರು. "ಎರಡರಲ್ಲಿ ಒಂದು. ಇಲ್ಲದಿದ್ರೆ ಕುರ್ಚಿಗೆ ಬೇರೆ ಯಾರನ್ನಾದ್ರೂ ನೋಡ್ಬೇಕಾಗುತ್ತೆ."


ಜೂನ್ 3, ಬುಧವಾರ

ಬರೆದದ್ದು, ಹೊಡೆದು ಹಾಕಿದ್ದು. ಇಂಕೆರಿ ಕೋಣೆಗೆ ಹಣಕಿ, "ಉಸಿರಾಡ್ತಿದೀಯಾ? ನಾಡಿ ನೋಡ್ಲಾ?" ಎಂದಳು.

"ಕುರ್ಚಿ ಹೋಗಬಹುದು ಕಣೆ."

"ನಿಂತ್ಕೊಂಡು ಬರಿ."


ಜೂನ್ 5, ಶುಕ್ರವಾರ

ಲೇಖನ ಮುಗಿಯಿತು. ಮೂರನೆಯ ಬಗೆಯದು. ರೌನಿ ಕೇಳಿದ ಎರಡರಲ್ಲಿ ಯಾವುದೂ ಅಲ್ಲ.

ಮೊದಲ ವಾಕ್ಯ: "ನಾನು ಈ ವಿಡಿಯೋದಲ್ಲಿದ್ದೇನೆ, ಮಹಿಳೆಯರ ಬೆಂಚಿನ ಎಡತುದಿಯಲ್ಲಿ, ಬೂದು ಬಟ್ಟೆಯಲ್ಲಿ, ಫೋಕಸ್ ಇಲ್ಲದೆ." ಬೇರೆ ರೀತಿ ಶುರು ಮಾಡಿ ನೋಡಿದೆ. ನೋಡುಗರು, ವೀಕ್ಷಕರು, ನಾವು, ಯಾವುದನ್ನು ಹಾಕಿದರೂ ವಾಕ್ಯ ಕುಂಟುತ್ತಿತ್ತು.

ಆಮೇಲೆ ಚೌಕಟ್ಟು, ಟ್ರೈಪಾಡು, ಚಹಾದ ಬಣ್ಣ, ಸೊಳ್ಳೆಯ ಮುಲಾಮು, ಕಂಪ್ಯೂಟರಿನ ಗೀರುಗಳು, ಹೆಲ್ವಿಯವರ ಗುಲಾಬಿ ಫ್ರಾಕು. ಅವರಿಗೆ ಓದಿ ಕೇಳಿಸಿದಾಗ ಫ್ರಾಕಿನ ಭಾಗವನ್ನು ಇನ್ನೊಮ್ಮೆ ಓದು ಎಂದರು. ಆಮೇಲೆ ಆ ಶಾಟ್. ಒಬ್ಬರ ಅಂಗೈಯಲ್ಲಿ ಇನ್ನೊಬ್ಬರ ಅಂಗೈ ಇಟ್ಟುಕೊಂಡು ಏನನ್ನೂ ಮಾಡದೆ ನಿಲ್ಲುವುದು ಹೇಗಿರುತ್ತದೆಂದು ಬರೆದೆ. ಕ್ಯಾಮೆರಾ ಕದಲದಿರುವುದರಿಂದಲೇ ನಾವು ಕೂಡ ಆ ನೆಲದ ಮೇಲೆ ಹಾಗೆ ನಿಲ್ಲಬೇಕಾಗುತ್ತದೆ, ಯಾರ ಕೈಯನ್ನೂ ಬಿಡಲಾಗದೆ. ಅವರು ಎರಡನೇ ಹಾಡಿಗೆ ಕಾಯುತ್ತಿದ್ದಾರೆ. ಅದಕ್ಕಿಂತ ದೊಡ್ಡದನ್ನು ಅವರ ಮೇಲೆ ಹೇರುವುದು, ಒಂದೇ ಹಾಡಿಗೆ ಅವರ ಕೈ ಬಿಟ್ಟು ಹೋದಂತೆ. ಕಾಲ ತಿರುಗಿ ನೋಡುವ ವಾಕ್ಯವನ್ನು ತೆಗೆದೆ. ಅದೀಗ ಕೊನ್‌ಸ್ತಾನದು, ಅವನೇ ಇಟ್ಟುಕೊಳ್ಳಲಿ.

ನಿರ್ದೇಶಕ ಕಟ್ ಎಂದಿದ್ದನೆಂದು ಬರೆದೆ. ಬೇಡವಾದದ್ದನ್ನು ಎಡಿಟಿಂಗ್ ಮೇಜಿನ ಮೇಲೆ ಗುರುತಿಸಿ, ಎಸೆಯದೆ ಉಳಿಸಿಕೊಂಡದ್ದು ಅವನ ಕಣ್ಣು ಎಂದೂ ಬರೆದೆ. ಎರಡೂ ನಿಜ. ಆದರೆ ಕಟ್ ಎಂದ ಮೇಲೂ ಕ್ಯಾಮೆರಾ ಏಕೆ ಓಡಿತು ಎಂದು ಓದುವವರು ಕೇಳಿಯೇ ಕೇಳುತ್ತಾರೆ.

ಬೆಳಗಿನಿಂದ ಆ ಒಂದು ಜಾಗ ಖಾಲಿ ಬಿಟ್ಟು ಕೂತಿದ್ದೆ. ಈಗ ತುಂಬಿಸಿದೆ: "ಅಷ್ಟು ವಯಸ್ಸಾದ ಕ್ಯಾಮೆರಾಗಳು ಸಾಕು ಎಂದ ಕೂಡಲೇ ನಿಲ್ಲುವುದಿಲ್ಲ, ಇದೂ ನಿಲ್ಲಲಿಲ್ಲ."

ಹಳೆಯದೆಂದರೆ ಜನ ಏನನ್ನಾದರೂ ನಂಬುತ್ತಾರೆ. ಇಡೀ ಲೇಖನದಲ್ಲಿ ಇದೊಂದೇ ಸುಳ್ಳು. ಇನ್ನೊಂದು ಸಲ ಓದಿದೆ, ಇನ್ನೊಂದು ಸಲ. ಅದನ್ನು ತೆಗೆಯದೆ, ನನ್ನ ಹೆಸರನ್ನು ಪೂರ್ತಿಯಾಗಿ ಕೆಳಗೆ ಬರೆದು, ರೌನಿಗೆ ಕಳಿಸುತ್ತೇನೆ.